ಬಿಸಿಲು ಪುಕ್ಕಟೆ, ನೀರು ಪುಕ್ಕಟೆಯಲ್ಲ

(ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಿಮ್ಮಲ್ಲಿ ಅನೇಕರು ಬಯಲುಸೀಮೆಯ ರೈತ ಕುಟುಂಬದವರು. ಮಳೆ ನಮ್ಮನ್ನು ಮರೆತರೂ ಬಿಸಿಲು ಮರೆಯುವುದಿಲ್ಲ. ಆ ಬಿಸಿಲಿನಿಂದಲೇ ನೀರೆತ್ತುವ ಸೋಲಾರ್ ಪಂಪಿನ ಲಾಭ-ನಷ್ಟವನ್ನು ನಿಮ್ಮೊಂದಿಗೆ ಲೆಕ್ಕ ಹಾಕಬಯಸುತ್ತೇನೆ.

ಮೊದಲು ಡೀಸೆಲ್ ಹಿಸಾಬು ನೋಡಿ. 5 ಎಚ್.ಪಿ. ಪಂಪು ಗಂಟೆಗೆ ಸುಮಾರು ಒಂದು ಲೀಟರ್ ಡೀಸೆಲ್ ಕುಡಿಯುತ್ತದೆ. ದಿನಕ್ಕೆ 5 ಗಂಟೆಯಂತೆ ವರ್ಷಕ್ಕೆ 100 ದಿನ ಓಡಿಸಿದರೆ 500 ಲೀಟರ್. ಲೀಟರಿಗೆ 90 ರೂ. ಎಂದಿಟ್ಟುಕೊಳ್ಳಿ, 45,000 ರೂ. ಆಯಿತು. ಸೋಲಾರ್ ಪಂಪಿಗೆ 3 ಲಕ್ಷ ಬೀಳುತ್ತದೆ ಎಂದುಕೊಂಡರೆ, ಆ ಹಣ ಮರಳಲು ಸುಮಾರು 7 ವರ್ಷ ಬೇಕು. 2019ರ ಪಿಎಂ-ಕುಸುಮ್ ಯೋಜನೆಯಲ್ಲಿ ಕೇಂದ್ರ ಶೇ. 30, ರಾಜ್ಯ ಕನಿಷ್ಠ ಶೇ. 30 ಕೊಡಬೇಕೆಂದಾಯಿತು. ರೈತನ ಪಾಲು 1,20,000 ರೂ.; ಅದು ಮೂರು ವರ್ಷದೊಳಗೆ ಮರಳುತ್ತದೆ. ಕರ್ನಾಟಕ ಸರ್ಕಾರ ತನ್ನ ಪಾಲನ್ನು 2023ರಲ್ಲಿ ಶೇ. 50ಕ್ಕೆ ಏರಿಸಿದಾಗ ರೈತನ ಪಾಲು ಇನ್ನೂ ಅರ್ಧವಾಯಿತು. ಫಲಕಗಳು ಸುಮಾರು 25 ವರ್ಷ ಬಾಳುತ್ತವೆ.

ನಮ್ಮ ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಲ್ಲವೇ ಎಂದು ನೀವು ಕೇಳಬಹುದು. ಹೌದು. ಅಂಥವರಿಗೆ ಸೋಲಾರಿನಿಂದ ಉಳಿಯುವುದು ಹಣಕ್ಕಿಂತ ಹೆಚ್ಚಾಗಿ ರಾತ್ರಿಯ ನಿದ್ದೆ. ಹಾವು-ಚೇಳಿನ ಕತ್ತಲಲ್ಲಿ ತೋಟಕ್ಕೆ ಹೋಗುವ ಕಷ್ಟ ತಪ್ಪುತ್ತದೆ.

ಆದರೆ ಬಂಧುಗಳೇ, ಇಲ್ಲೇ ಒಂದು ಅಪಾಯವಿದೆ. ಡೀಸೆಲ್ ಉರಿಯುವಾಗ ಜೇಬು ಉರಿಯುತ್ತದೆ. ಬೆಳೆಗೆ ಸಾಕಾದ ಕೂಡಲೇ ರೈತ ಪಂಪು ನಿಲ್ಲಿಸುತ್ತಾನೆ. ಪುಕ್ಕಟೆ ಬಿಸಿಲಲ್ಲಿ ನಿಲ್ಲಿಸುವವರು ಯಾರು? ಕೋಲಾರದಂಥ ಜಿಲ್ಲೆಗಳಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿದೆ. ಬಾವಿ ಬತ್ತಿದರೆ 25 ವರ್ಷದ ಫಲಕ ಯಾವ ಪ್ರಯೋಜನಕ್ಕೆ? ಹೊಸ ಬಾವಿಯ ಸಾಲವೇ ಗತಿ.

ಇದಕ್ಕೊಂದು ದಾರಿಯನ್ನು ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಗ್ರಾಮ ತೋರಿಸಿತು. ಅಲ್ಲಿನ ಆರು ರೈತರು ಸೋಲಾರ್ ಸಹಕಾರ ಸಂಘ ಕಟ್ಟಿ, 2016ರಿಂದ ನೀರಾವರಿಗೆ ಬಳಸಿ ಉಳಿದ ವಿದ್ಯುತ್ತನ್ನು ಕಂಪನಿಗೆ ಮಾರತೊಡಗಿದರು. ಬೆಲೆ ಯೂನಿಟ್ಟಿಗೆ 4 ರೂ. 63 ಪೈಸೆ, ಒಪ್ಪಂದ 25 ವರ್ಷ. ಪಂಪು ನಿಲ್ಲಿಸಿದರೂ ಆದಾಯ ಎಂದಾದಾಗ ನೀರು ಉಳಿಸುವುದೇ ಲಾಭವಾಯಿತು. ನಮ್ಮಲ್ಲೂ 2014ರಲ್ಲಿ ಇದೇ ಉದ್ದೇಶದ ‘ಸೂರ್ಯ ರೈತ’ ಯೋಜನೆ ಪ್ರಕಟವಾಗಿ, ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಪ್ರಯೋಗ ನಡೆಯಿತು.

ಆದ್ದರಿಂದ ಅರ್ಜಿ ಹಾಕುವ ಮೊದಲು ಬಾವಿಯ ಇಳುವರಿ ಅಳೆಸಿರಿ. ಅದಕ್ಕೆ ತಕ್ಕ ಪಂಪನ್ನೇ ಕೇಳಿರಿ. ಸಹಾಯಧನ ಸಿಗುತ್ತದೆಂದು ದೊಡ್ಡದಕ್ಕೆ ಆಸೆ ಪಡಬೇಡಿ. ಜೊತೆಗೆ ಹನಿ ನೀರಾವರಿ ಇರಲಿ. ವಿದ್ಯಾರ್ಥಿಗಳೇ, ಶಾಲೆಯಲ್ಲಿ ಕಲಿತ ಲೆಕ್ಕವನ್ನು ಈ ಸಲ ಮನೆಯ ಹಿರಿಯರ ಜೊತೆ ಕುಳಿತು ಮಾಡಿ. ಖರ್ಚಿನ ಪಟ್ಟಿಯಲ್ಲಿ ನೀರನ್ನೂ ಬರೆಯಿರಿ.