ಒಂದು ಸೈಟು, ಆರು ಅಡುಗೆಮನೆ: ಜಾಹೀರಾತಿನ ದುಡ್ಡು ಯಾರು ಹಾಕಬೇಕು?

(ವಿಡಿಯೋದಲ್ಲಿ ಆಡಿದ ಮಾತಿನ ಬರಹರೂಪ. ಅಲ್ಲಲ್ಲಿ ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ.)

ವಸಂತ್ ಕುಂಜ್‌ನಿಂದ ಮಾತಾಡ್ತಾ ಇದೀನಿ. ಮಧ್ಯದಲ್ಲಿ ಕುಕ್ಕರ್ ಕೂಗಿದ್ರೆ ಬೇಜಾರು ಮಾಡ್ಕೋಬೇಡಿ. ಡಿಡಿಎ ಫ್ಲಾಟಿನಲ್ಲಿ ಸ್ಟುಡಿಯೋ ಅಂತ ಬೇರೆ ಇರಲ್ಲ, ನಮ್ಮ ಸ್ಟುಡಿಯೋ ಅಂದ್ರೆ ಅಡುಗೆಮನೆ ಪಕ್ಕದ ರೂಮು.

ಹೋದ ವಿಡಿಯೋ ನೋಡಿ ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ರಿ. "ನಾವೂ ನಾಲ್ಕೈದು ಮನೆಯವರು ಸೇರಿ ಒಂದು ವೆಬ್‌ಸೈಟ್ ಮಾಡಿದ್ದೀವಿ, ಸಾಮಾನು ಚೆನ್ನಾಗಿದೆ, ಗಿರಾಕಿಗಳು ಬರ್ತಿಲ್ಲ, ಜಾಹೀರಾತು ಹೇಗೆ ಕೊಡೋದು?" ಅಂತ. ಉತ್ತರ ಹೇಳೋಕೆ ಮುಂಚೆ ನಾವು ಮಾಡ್ಕೊಂಡ ಎಡವಟ್ಟನ್ನ ಹೇಳ್ಬೇಕು. ಯಾಕಂದ್ರೆ ಆ ಎಡವಟ್ಟಿನಲ್ಲಿ ಒಬ್ರು ಗುಂಪು ಬಿಟ್ಟು ಹೋಗೋ ತನಕ ಬಂದಿತ್ತು, ಅದೂ ನನ್ನಿಂದ.

ನಾವು ಆರು ಮನೆ. ಎರಡು ಇಲ್ಲೇ ವಸಂತ್ ಕುಂಜ್‌ನಲ್ಲಿ, ಉಳಿದವು ದ್ವಾರಕಾ, ಗುರುಗ್ರಾಮ, ನೋಯ್ಡಾ. ಧಾರವಾಡದ ಕಾಕೂ ಶೇಂಗಾ ಚಟ್ನಿಪುಡಿ, ಖಡಕ್ ಜೋಳದ ರೊಟ್ಟಿ ಮಾಡ್ತಾರೆ. ಶಿರಸಿ ಕಡೆಯ ಅಕ್ಕನ ಮನೆಯಿಂದ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಬರುತ್ತೆ. ನಮ್ಮಮ್ಮ ಮಂಡ್ಯದವರು, ಚಕ್ಕುಲಿ, ಕೋಡುಬಳೆ. ಉಳಿದ ಮೂರು ಮನೆಯವರದ್ದು ಸಾರಿನ ಪುಡಿ, ಗೊಜ್ಜವಲಕ್ಕಿ, ಜೋನಿ ಬೆಲ್ಲ. ಎಲ್ಲರೂ ಮೊದಲು ವಾಟ್ಸಾಪಿನಲ್ಲೇ ಮಾರ್ತಾ ಇದ್ರು. ನಾನು ಐಟಿಯವನಲ್ವಾ, ಎರಡು ವೀಕೆಂಡ್ ಕೂತು ಒಂದು ಸೈಟ್ ಕಟ್ಟಿದೆ. ಆರು ಕಪಾಟು, ಆರು ಹೆಸರು. ದುಡ್ಡು ಸೈಟಿಗೆ ಬರಲ್ಲ, ನೇರ ಅವರವರ ಯುಪಿಐಗೇ ಹೋಗುತ್ತೆ. ಲೆಕ್ಕದ ತಲೆನೋವು ಬೇಡ ಅಂತ ಹಾಗೆ ಮಾಡಿದ್ದು. ಸೈಟ್ ಎದ್ದ ತಕ್ಷಣ ಕೆಲಸ ಮುಗೀತು ಅಂದ್ಕೊಂಡೆ. ನಮ್ಮ ಜಾತಿಯ ರೋಗ ಅದು. ಇಂಜಿನಿಯರ್ ಜಾತಿ ಅಂದೆ!

ಮೊದಲ ತಿಂಗಳು ಒಂಬತ್ತು ಆರ್ಡರ್ ಬಂತು. ಒಂಬತ್ತೂ ಪರಿಚಯದವರದ್ದೇ. ಸರಿ, ಜಾಹೀರಾತು ಕೊಡೋಣ, ಅವರವರ ಸಾಮಾನಿಗೆ ಅವರವರೇ ದುಡ್ಡು ಹಾಕ್ಕೊಳ್ಳಲಿ, ಅದೇ ನ್ಯಾಯ ಅಂತ ನಾನೇ ಹೇಳಿದೆ. ಎಲ್ಲರೂ ತಮ್ಮ ತಮ್ಮ ಇನ್ಸ್ಟಾಗ್ರಾಂ ಪೇಜಿನಿಂದ ಪೋಸ್ಟ್ ಬೂಸ್ಟ್ ಮಾಡಿದ್ರು. ಊರು ದೆಹಲಿ ಸುತ್ತಮುತ್ತ, ಭಾಷೆ ಕನ್ನಡ. ಆರು ಮನೆಗೂ ಇದೇ ಸೆಟ್ಟಿಂಗ್ ಹಾಕಿಕೊಟ್ಟವನೂ ನಾನೇ.

ಇಲ್ಲಿ ಏನಾಯ್ತು ನೋಡಿ. ಈ ಜಾಹೀರಾತುಗಳೆಲ್ಲ ಹರಾಜಿನ ಮೇಲೆ ನಡೆಯೋದು ಅಂತ ನಿಮಗೆ ಗೊತ್ತು. ಒಬ್ಬ ಮನುಷ್ಯನ ಫೋನಿನಲ್ಲಿ ಒಂದು ಖಾಲಿ ಜಾಗ ಇದೆ, ಅದಕ್ಕೆ ಯಾರು ಎಷ್ಟು ಕೂಗ್ತಾರೆ, ಅವನು ಅದನ್ನ ಒತ್ತೋ ಸಾಧ್ಯತೆ ಎಷ್ಟು, ಜಾಹೀರಾತಿನ ಗುಣಮಟ್ಟ ಹೇಗಿದೆ, ಇಷ್ಟನ್ನೂ ಸೇರಿಸಿ ತೀರ್ಮಾನ ಆಗುತ್ತೆ. ಒಂದೇ ಖಾತೆಯ ಜಾಹೀರಾತುಗಳಾದ್ರೆ ಅವು ಒಂದರ ಮೇಲೊಂದು ಕೂಗದ ಹಾಗೆ ಅದೇ ನೋಡ್ಕೊಳ್ಳುತ್ತೆ. ಆರು ಬೇರೆ ಬೇರೆ ಖಾತೆ ಅಂದ್ರೆ ಅದರ ಲೆಕ್ಕದಲ್ಲಿ ಆರು ಬೇರೆ ವ್ಯಾಪಾರಿಗಳು. ನಾವು ಆರು ಜನ ಸೇರ್ಕೊಂಡು ಅದೇ ಒಂದು ಹಿಡಿ ಜನರ ಮೇಲೆ ಒಬ್ಬರಿಗೊಬ್ಬರು ಎದುರಾಗಿ ಹರಾಜು ಕೂಗ್ತಾ ಇದ್ವಿ. ಒಂದೇ ಅಂಗಡಿ ಬಾಗಿಲಿಗೆ ಜನರನ್ನ ಕರೆಯೋಕೆ!

ಒಂದು ಹಿಡಿ ಜನ ಯಾಕಂದೆ ಅಂದ್ರೆ, ಆ ಭಾಷೆ ಸೆಟ್ಟಿಂಗ್ ಇದೆಯಲ್ಲ, ಅದು ಮುಖ್ಯವಾಗಿ ಆಪನ್ನ ಆ ಭಾಷೆಯಲ್ಲಿ ಇಟ್ಟುಕೊಂಡವರನ್ನ ಹುಡುಕೋದು. ನಮ್ಮಲ್ಲಿ ಎಷ್ಟು ಜನ ಕನ್ನಡದಲ್ಲಿ ಇಟ್ಟುಕೊಂಡಿದ್ದೀವಿ, ಪ್ರಾಮಾಣಿಕವಾಗಿ ಹೇಳಿ? ನನ್ನದೇ ಇಂಗ್ಲಿಷಿನಲ್ಲಿದೆ. ಅಂದ್ರೆ ನನ್ನ ಜಾಹೀರಾತು ನನಗೇ ಕಾಣಿಸ್ತಿರಲಿಲ್ಲ.

ತಿಂಗಳ ಕೊನೆಗೆ ಎಲ್ಲರೂ ನಮ್ಮ ಮನೇಲಿ ಸೇರಿದ್ವಿ. ಕಾಕೂ 2,400 ರೂಪಾಯಿ ಹಾಕಿದ್ರು. ಅವರಿಗೆ ಬಂದ ಆರ್ಡರ್ ಮೂರು. ನಾನು ಲ್ಯಾಪ್‌ಟಾಪ್ ತೆಗೆದು ತೋರಿಸ್ದೆ, "ಇಲ್ಲ ಕಾಕೂ, ನಿಮ್ಮ ಲಿಂಕಿನಿಂದ ಹನ್ನೊಂದು ಆರ್ಡರ್ ಬಂದಿದೆ, ಜಾಹೀರಾತು ಕೆಲಸ ಮಾಡಿದೆ" ಅಂತ. ಮೂರು ಅವರದ್ದು. ಮಿಕ್ಕ ಎಂಟರಲ್ಲಿ ಐದು ಶಿರಸಿ ಅಕ್ಕನ ಹಪ್ಪಳ. ರೊಟ್ಟಿ ನೋಡೋಕೆ ಬಂದ ಜನ ಪಕ್ಕದ ಕಪಾಟಿನ ಹಪ್ಪಳ ನೋಡಿ ಅದನ್ನೇ ಎತ್ಕೊಂಡು ಹೋಗಿದ್ರು. ಅಕ್ಕ ಆ ತಿಂಗಳು ಜಾಹೀರಾತಿಗೆ ಹಾಕಿದ್ದು ಬರೀ ಮುನ್ನೂರು.

ಕಾಕೂ ಅಂದ್ರು, "ತಮ್ಮಾ, ನಿನ್ನ ಗ್ರಾಫ್ ನನಗ ತಿಳಿಯಂಗಿಲ್ಲ. ನನ್ನ ರೊಕ್ಕದಾಗ ಆಕಿ ಹಪ್ಪಳ ಹೋದ್ವು. ಇಷ್ಟ ತಿಳೀತದ."

ಅಕ್ಕನಿಗೂ ಮುಜುಗರ. "ನಾನೆಂತ ಮಾಡ್ಲಿ ಮಾರಾಯ, ಜನ ಹಪ್ಪಳನೇ ಕೇಳ್ತಾರೆ" ಅಂದ್ರು. ಅದೂ ನಿಜವೇ. ಕಾಕೂ ಚಹಾ ಕುಡಿದು ಎದ್ದು ಹೋದ್ರು. ಮಾರನೇ ದಿನ ವಾಟ್ಸಾಪ್ ಗುಂಪಿನಿಂದಲೂ ಹೊರಗೆ ಹೋದ್ರು. ಗಂಡ ತೀರಿಹೋದ ಮೇಲೆ ಮಗನ ಸಂಸಾರದ ಜೊತೆ ಇರೋ ಹೆಂಗಸು. ಆ 2,400 ಮಗನ ಹತ್ರ ಕೇಳಿ ತಂದ ದುಡ್ಡಲ್ಲ, ರೊಟ್ಟಿ ಬಡಿದು ದುಡಿದದ್ದು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಹುಡುಕೋಕೆ ಶುರು ಮಾಡಿದೆ. ಇದು ನಮ್ಮ ಆರು ಮನೆಗೆ ಹೊಸದಾಗಿ ಬಂದ ಸಮಸ್ಯೆ ಇರೋಕೆ ಸಾಧ್ಯ ಇಲ್ಲ ಅಲ್ವಾ?

ಅಲ್ಲವೇ ಅಲ್ಲ. 1907ರಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ಬೆಳೆಗಾರರದ್ದು ಇದೇ ಕಥೆ. ಹಣ್ಣು ವಿಪರೀತ ಬೆಳೀತಿತ್ತು, ಕೊಳ್ಳೋರು ಕಮ್ಮಿ. ಅವರದ್ದೊಂದು ಸಹಕಾರ ಸಂಘ ಇತ್ತು, ಕ್ಯಾಲಿಫೋರ್ನಿಯಾ ಫ್ರೂಟ್ ಗ್ರೋವರ್ಸ್ ಎಕ್ಸ್‌ಚೇಂಜ್. ಅವರು ಯಾವ ರೈತನ ತೋಟದ ಹೆಸರನ್ನೂ ಹಾಕದೆ ಬರೀ "ಕಿತ್ತಳೆ ತಿನ್ನಿ" ಅನ್ನೋ ಥರದ ಜಾಹೀರಾತನ್ನ ಅಯೋವಾ ಅನ್ನೋ ಒಂದೇ ರಾಜ್ಯದಲ್ಲಿ ಕೊಟ್ಟು ನೋಡಿದ್ರು. ಸ್ವಾರಸ್ಯ ಏನಂದ್ರೆ ಖರ್ಚಿನಲ್ಲಿ ಪಾಲು ಹಾಕಿದ್ದು ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿ. ಯಾಕೆ? ಹಣ್ಣು ಜಾಸ್ತಿ ಹೋದ್ರೆ ಸಾಗಣೆ ಬಾಡಿಗೆ ಅವರಿಗೇ ಬರೋದು. ಆ ರಾಜ್ಯದಲ್ಲಿ ಕಿತ್ತಳೆ ಮಾರಾಟ ಸುಮಾರು ಶೇ. 50ರಷ್ಟು ಏರಿತು. ಮಾರನೇ ವರ್ಷ ಎಲ್ಲರ ಹಣ್ಣಿಗೂ ಒಂದೇ ಹೆಸರು ಇಟ್ರು, ಸನ್‌ಕಿಸ್ಟ್. ಜಾಹೀರಾತಿನ ದುಡ್ಡನ್ನ ಪೆಟ್ಟಿಗೆ ಲೆಕ್ಕದಲ್ಲಿ ವಸೂಲಿ ಮಾಡ್ತಿದ್ರು. ಹೆಚ್ಚು ಪೆಟ್ಟಿಗೆ ಕಳಿಸಿದವನು ಹೆಚ್ಚು ಕೊಡ್ತಾನೆ, ಕಮ್ಮಿ ಕಳಿಸಿದವನು ಕಮ್ಮಿ.

ಅಷ್ಟು ದೂರ ಯಾಕೆ, ದೂರದರ್ಶನದ ಕಾಲದ ಮೊಟ್ಟೆ ಜಾಹೀರಾತು ನಿಮಗೆಲ್ಲ ನೆನಪಿರಬೇಕು. 1982ರಲ್ಲಿ ಶುರುವಾದ ನ್ಯಾಷನಲ್ ಎಗ್ ಕೋಆರ್ಡಿನೇಷನ್ ಕಮಿಟಿಯದು. ಯಾರ ಕೋಳಿ ಫಾರಂ ಮೊಟ್ಟೆ ಅಂತ ಅದರಲ್ಲಿ ಹೇಳೋದೇ ಇಲ್ಲ. ಮೊಟ್ಟೆ ತಿನ್ನಿ, ಅಷ್ಟೇ.

ನಮ್ಮ ನಂದಿನಿ ಇನ್ನೂ ಹತ್ತಿರದ ಉದಾಹರಣೆ. ಊರಲ್ಲಿ ಹಾಲಿನ ಸಂಘ, ಅದರ ಮೇಲೆ ಜಿಲ್ಲಾ ಒಕ್ಕೂಟ, ಅದರ ಮೇಲೆ ಕೆಎಂಎಫ್. ಹಾಸನದ ಹಾಲೋ ಮಂಡ್ಯದ ಹಾಲೋ, ಪ್ಯಾಕೆಟ್ ಮೇಲೆ ದೊಡ್ಡದಾಗಿ ಕಾಣೋ ಹೆಸರು ಒಂದೇ. ರಾಜ್‌ಕುಮಾರ್, ಪುನೀತ್, 2023ರಲ್ಲಿ ಶಿವಣ್ಣ, ಇವರೆಲ್ಲ ಸಂಭಾವನೆ ತಗೊಳ್ಳದೆ ಆ ಹೆಸರಿಗೆ ನಿಂತವರು. ಅವರು ಒಂದು ಜಿಲ್ಲೆಯ ಹಾಲಿಗೆ ನಿಂತಿದ್ದಲ್ಲ. 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಆಟಗಾರರ ಅಂಗಿ ಮೇಲೆ ಕನ್ನಡ ಅಕ್ಷರದಲ್ಲಿ "ನಂದಿನಿ" ನೋಡಿ ನಾವೆಲ್ಲ ಸ್ಕ್ರೀನ್‌ಶಾಟ್ ಹಂಚಿಕೊಂಡಿದ್ವಿ ಅಲ್ವಾ? ಅದೇ ವರ್ಷ ನವೆಂಬರ್‌ನಲ್ಲಿ ನಂದಿನಿ ದೆಹಲಿಗೂ ಬಂತು, ಮಂಡ್ಯ ಒಕ್ಕೂಟದ ಹಾಲು ಟ್ಯಾಂಕರಿನಲ್ಲಿ. ಅಮುಲ್, ಮದರ್ ಡೈರಿ ಕೋಟೆ ಇದು. ಮಂಡ್ಯ ಒಕ್ಕೂಟ ಒಂದೇ ತನ್ನ ಹೆಸರು ಹೇಳ್ಕೊಂಡು ಇಲ್ಲಿಗೆ ಬಂದಿದ್ರೆ ಯಾರಾದ್ರೂ ತಿರುಗಿ ನೋಡ್ತಿದ್ರಾ?

ಇಷ್ಟು ಓದಿದ ಮೇಲೆ ನನ್ನ ತಪ್ಪು ಕಣ್ಣಿಗೆ ಕಂಡಿತು. ಬಾಗಿಲು ಒಂದೇ ಇಟ್ಟು, ಕೂಗು ಆರು ಇಟ್ಟಿದ್ದೆ. ಒಬ್ಬರು ಕೂಗಿದ್ರೆ ಬರೋರು ಎಲ್ಲರಿಗೂ ಗಿರಾಕಿಗಳು, ಆದ್ರೆ ಖರ್ಚು ಮಾತ್ರ ಕೂಗಿದವರದ್ದು. ಅಂಥ ಕಡೆ ಬುದ್ಧಿವಂತರು ಸುಮ್ಮನಿರ್ತಾರೆ, ಉತ್ಸಾಹ ಇರೋರು ಸೋಲ್ತಾರೆ. ಸೋತವರು ಕಾಕೂ.

ಕಾಕೂ ಮನೆಗೆ, ದ್ವಾರಕಾಗೆ ಹೋದೆ. ಮೊದಲು ತಪ್ಪಾಯ್ತು ಅಂದೆ. ಆಮೇಲೆ ಹೊಸ ಲೆಕ್ಕ ಹೇಳಿದೆ. ಯಾರೂ ಮುಂಗಡ ಹಾಕೋದು ಬೇಡ. ಮಾರಾಟ ಆದ ಮೇಲೆ ನೂರಕ್ಕೆ ಐದು ರೂಪಾಯಿ ಸಾಮಾನ್ಯ ಡಬ್ಬಿಗೆ. ಹಪ್ಪಳ ಹೆಚ್ಚು ಹೋದ್ರೆ ಅಕ್ಕ ಹೆಚ್ಚು ಕೊಡ್ತಾರೆ. ಜಾಹೀರಾತು ಒಂದೇ ಖಾತೆಯಿಂದ, ಸೈಟಿನ ಹೆಸರಿಗೆ ಮಾತ್ರ.

"ಮಾರಿದ ಮ್ಯಾಲೆ ಕೊಡೋದಾ?"

"ಹೌದು ಕಾಕೂ."

"ಹಂಗಾದ್ರ ಕೊಡತೀನಿ. ಮೊದಲ ಹಿಂಗ ಹೇಳಾಕ ನಿನಗೇನಾಗಿತ್ತು?"

ಅವರ 2,400ರಲ್ಲಿ ಎಂಟು ಆರ್ಡರಿನ ಪಾಲು ಲೆಕ್ಕ ಹಾಕಿ, ಲಾಭ ಆದ ಮನೆಗಳಿಂದ ವಾಪಸ್ ಕೊಡಿಸಿದ್ವಿ. ಅಕ್ಕ ಮರುಮಾತಾಡದೆ ಕೊಟ್ರು. ಇನ್ನು ಮಾರಾಟ ಆಗೋಕೆ ಮುಂಚೆ ಡಬ್ಬಿಯಲ್ಲಿ ದುಡ್ಡೆಲ್ಲಿಂದ ಬರಬೇಕು ಅಂತ ನೀವು ಕೇಳ್ತೀರಿ. ಮೊದಲ ಆರು ಸಾವಿರ ನಾನು ಸಾಲ ಕೊಟ್ಟೆ. ಏಳು ತಿಂಗಳಲ್ಲಿ ವಾಪಸ್ ಬಂತು.

ದುಡ್ಡು ಸೇರಿಸೋದು ಒಂದಾಯ್ತು. ಏನನ್ನ ಜಾಹೀರು ಮಾಡೋದು? ಆರರಲ್ಲಿ ಯಾರ ಫೋಟೋ ಹಾಕಿದ್ರೂ ಮತ್ತೆ ಅದೇ ಜಗಳ. ಅದಕ್ಕೆ ಆರೂ ಮನೆಯ ಒಂದೊಂದು ಸಾಮಾನು ಇರೋ ಒಂದು ಪೆಟ್ಟಿಗೆ ಮಾಡಿದ್ವಿ, 650 ರೂಪಾಯಿ. ಜಾಹೀರಾತಿನಲ್ಲಿ ಅದೊಂದೇ. ಪೆಟ್ಟಿಗೆ ತಗೊಂಡವರು ಆರನ್ನೂ ರುಚಿ ನೋಡ್ತಾರೆ, ಎರಡನೇ ಸಲ ಬೇಕಾದ್ದನ್ನ ಆರಿಸ್ಕೊಳ್ತಾರೆ. ಎರಡನೇ ಸಲ ಬರೋರಿಗೆ ಜಾಹೀರಾತಿನ ಖರ್ಚಿಲ್ಲ, ಲಾಭ ಇರೋದೇ ಅಲ್ಲಿ. ಹಳೇ ಲೆಕ್ಕ ನೋಡಿ: 2,400ಕ್ಕೆ ಹನ್ನೊಂದು ಆರ್ಡರ್ ಅಂದ್ರೆ ಒಂದಕ್ಕೆ ಹತ್ತಿರ ಹತ್ತಿರ 218. ನಮ್ಮ ಸರಾಸರಿ ಆರ್ಡರ್ 350 ಇತ್ತು, ಅದರಲ್ಲಿ ಉಳಿಯೋದು ನೂರಿಪ್ಪತ್ತು. ಹನ್ನೊಂದನ್ನೂ ಕಾಕೂ ಒಬ್ಬರಿಗೇ ಕೊಟ್ಟಿದ್ರೂ ಆ ಜಾಹೀರಾತು ನಷ್ಟವೇ. ಗ್ರಾಫ್ ತೋರಿಸ್ತಾ ನಾನು ಇದನ್ನ ನೋಡೇ ಇರಲಿಲ್ಲ.

ಸದರ್ನ್ ಪೆಸಿಫಿಕ್ ಪಾಠವನ್ನೂ ಬಳಸಿಕೊಂಡೆ. ನಮ್ಮ ರೈಲ್ವೆ ಯಾರು? ಕಿಶನ್‌ಗಢದ ಹತ್ತಿರ ನಾವು ಪಾರ್ಸೆಲ್ ಕೊಡೋ ಕೊರಿಯರ್ ಅಂಗಡಿ. ಶನಿವಾರ ಒಂದೇ ಸಲ ಎಲ್ಲಾ ಪೆಟ್ಟಿಗೆ ತರ್ತೀವಿ ಅಂದಾಗ ಅಂಗಡಿಯವರು ದರ ಇಳಿಸಿದ್ರು, ನಮ್ಮ ಚೀಟಿಯನ್ನ ಕೌಂಟರ್ ಮೇಲೆ ಇಟ್ಕೊಂಡ್ರು. ಖರ್ಚೇ ಇಲ್ಲದ ಜಾಹೀರಾತು ಅದು. ಹಾಗೇ ಯಾರ ಪೊಟ್ಟಣ ಹೋದ್ರೂ ಒಳಗೆ ಮಿಕ್ಕ ಐದು ಮನೆಯ ಹೆಸರಿರೋ ಚೀಟಿ. ನಿಜ ಹೇಳ್ಬೇಕಂದ್ರೆ ಈ ಚೀಟಿಯಿಂದ ಬಂದಷ್ಟು ಜನ ಫೋನಿನ ಜಾಹೀರಾತಿನಿಂದ ಬಂದಿಲ್ಲ.

ಇನ್ನೊಂದು ನಾನು ಎಣಿಸಿರಲಿಲ್ಲ. ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ಕನ್ನಡದವರೇ ಅಲ್ಲ. ಐದಾರು ವರ್ಷ ಬೆಂಗಳೂರಲ್ಲಿ ಕೆಲಸ ಮಾಡಿ ಗುರುಗ್ರಾಮಕ್ಕೆ ವಾಪಸ್ ಬಂದ ಇಲ್ಲಿನವರು. ಅವರಿಗೆ ಚಟ್ನಿಪುಡಿ ನೆನಪಾಗುತ್ತೆ, ಎಲ್ಲಿ ಸಿಗುತ್ತೆ ಗೊತ್ತಿಲ್ಲ. ಈಗ ನಮ್ಮ ಜಾಹೀರಾತು ಹಿಂದಿಯಲ್ಲಿದೆ, "ಬೆಂಗಳೂರಲ್ಲಿದ್ದಾಗ ತಿಂದದ್ದು ನೆನಪಿದೆಯಾ?" ಅನ್ನೋ ಅರ್ಥದ್ದು. ಚಕ್ಕುಲಿ ಒಂದನ್ನೇ ಮಾರೋರಿಗೆ ಈ ಮಾತು ಹೊಳೆಯೋದೇ ಇಲ್ಲ.

ಇನ್ನು ಉಳಿದದ್ದು ಎಲ್ಲಕ್ಕಿಂತ ಕಷ್ಟದ್ದು. ಹೆಸರು ಒಂದೇ ಆದ ಮೇಲೆ ಒಬ್ಬರ ಕೆಟ್ಟ ಸಾಮಾನು ಆರೂ ಜನರ ಮಾನ ಕಳೆಯುತ್ತೆ. ಚಿಕ್ಕಂದಿನಲ್ಲಿ ನಮ್ಮೂರ ಡೇರಿ ಮುಂದೆ ನಾನು ಕ್ಯಾನ್ ಹಿಡಿದು ನಿಲ್ತಿದ್ದೆ. ಲ್ಯಾಕ್ಟೋಮೀಟರ್ ಇಳಿಬಿಟ್ಟು "ಡಿಗ್ರಿ ಬಂದಿಲ್ಲ" ಅಂತ ಸೆಕ್ರೆಟರಿ ಹೇಳಿದ್ರೆ ಮುಗೀತು, ಊರ ಗೌಡರ ಮನೆ ಹಾಲಾದ್ರೂ ವಾಪಸ್ಸೇ. ನಮ್ಮ ತಾತನ ಕ್ಯಾನು ಒಂದು ಸಲ ಹಾಗೆ ವಾಪಸ್ ಬಂದಿತ್ತು. ಅವತ್ತು ಅವರು ಅರಳಿಕಟ್ಟೆ ಕಡೆ ಹೋಗಲೇ ಇಲ್ಲ. ನಮಗೂ ಅಂಥ ಒಬ್ರು ಬೇಕಿತ್ತು. ಎಲ್ಲರೂ ಕಾಕೂ ಹೆಸರು ಹೇಳಿದ್ವಿ. ಶನಿವಾರ ಬೆಳಿಗ್ಗೆ ಅವರು ಬಂದು ಪ್ರತಿ ಡಬ್ಬಿಯಿಂದ ಒಂದೊಂದು ಬಾಯಿಗೆ ಹಾಕ್ಕೊಂಡು ಹೂಂ ಅಂದ ಮೇಲೇ ಪೆಟ್ಟಿಗೆ ಕಟ್ಟೋದು.

ಕಳೆದ ಆಗಸ್ಟ್‌ನಲ್ಲಿ ಮಳೆ ಜೋರಿತ್ತು. ಕಾಕೂ ಒಂದು ಚಕ್ಕುಲಿ ಮುರಿದ್ರು. ಮುರಿಯೋ ಸದ್ದೇ ಬರಲಿಲ್ಲ. ಇನ್ನೊಂದು ಮುರಿದ್ರು. "ಮೆತ್ತಗಾಗ್ಯಾವ. ಎಣ್ಣಿ ವಾಸನಿನೂ ಅದ. ಕಳಸೂದು ಬ್ಯಾಡ." ನಮ್ಮಮ್ಮನ ಚಕ್ಕುಲಿ, ನಮ್ಮದೇ ಮನೆಯೊಳಗೆ, ಅಮ್ಮನ ಎದುರಿಗೇ. ಹದಿನಾಲ್ಕು ಪೆಟ್ಟಿಗೆಯ ಚಕ್ಕುಲಿ. ಅಮ್ಮ ಏನೂ ಅನ್ನದೆ ಒಳಗೆ ಹೋದ್ರು. ಅವತ್ತು ಪೆಟ್ಟಿಗೆಗಳಲ್ಲಿ ಚಕ್ಕುಲಿ ಬದಲು ಅಕ್ಕನ ಹಪ್ಪಳ ಒಂದು ಕಟ್ಟು ಹೆಚ್ಚಿಗೆ ಹೋಯ್ತು.

ಅಮ್ಮ ಎರಡು ದಿನ ನನ್ನ ಹತ್ರ ಮಾತಾಡಲಿಲ್ಲ, ಸೈಟ್ ಕಟ್ಟಿದ ತಪ್ಪಿಗೆ. ಮೂರನೇ ದಿನ ಕಾಕೂಗೆ ಅವರೇ ಫೋನ್ ಮಾಡಿ, ಮಳೆಗಾಲದಲ್ಲಿ ಧಾರವಾಡದ ಕಡೆ ಹಿಟ್ಟು ಹೇಗೆ ಹುರೀತೀರಿ ಅಂತ ಕೇಳ್ತಾ ಇದ್ರು. ಈಗ ಒಳಗೆ ನಡೀತಿರೋದು ಅದೇ ಕೆಲಸ, ನೀವು ಆಗಿಂದ ಕೇಳಿಸ್ಕೊಳ್ತಿರೋ ಸದ್ದು. ನಾಳೆ ಶನಿವಾರ, ಕಾಕೂ ಹತ್ತು ಗಂಟೆಗೆ ಬರ್ತಾರೆ.