ವಕೀಲರ ಜಗಲಿಯಿಂದ ಸಂಘದ ಕಟ್ಟೆಗೆ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಸುದಿನ ನಮ್ಮ ಸೀಮೆಯ ಹಿರಿಯರೊಬ್ಬರನ್ನು ನೆನೆಯುವುದು ಕರ್ತವ್ಯವೆಂದು ಭಾವಿಸಿದ್ದೇವೆ. ಅವರೇ ಎ.ಜಿ. ರಾಮಚಂದ್ರರಾಯರು. ವಕೀಲಿ ವೃತ್ತಿಯಿಂದ ರಾಜಕೀಯಕ್ಕೆ ಬಂದವರು. 1952ರ ಮೊದಲ ಮಹಾಚುನಾವಣೆಯಲ್ಲಿ ಹೊಳೆನರಸೀಪುರದಿಂದ ಗೆದ್ದು, ಕೆಂಗಲ್ ಹನುಮಂತಯ್ಯನವರ ಮಂತ್ರಿಮಂಡಲದಲ್ಲಿ ಶಿಕ್ಷಣ ಮಂತ್ರಿಗಳಾದರು.

ಆಗಿನ ಕಾಲದಲ್ಲಿ ಅರಕಲಗೂಡಾಗಲಿ, ಚನ್ನರಾಯಪಟ್ಟಣವಾಗಲಿ, ರೈತನಿಗೆ ಸರ್ಕಾರ ಅಂದ್ರೆ ಕಾಗದ. ನೋಟೀಸು, ಪಹಣಿ, ಪ್ರೋನೋಟು. ಓದು ಬಾರದವನು ಹಾಸನಕ್ಕೆ ಹೋಗಿ ವಕೀಲರ ಮನೆ ಜಗಲೀಲಿ ಕಾಯಬೇಕಿತ್ತು. ಹೀಗಾಗಿ ಕಾಗದ ಓದಬಲ್ಲವರೇ ಮುಂದಾಳುಗಳಾದರು. ಅದು ತಪ್ಪಲ್ಲ, ಕಾಲಧರ್ಮ. ಅಂಥ ವಕೀಲರೊಬ್ಬರು ಶಿಕ್ಷಣ ಖಾತೆ ವಹಿಸಿಕೊಂಡರಲ್ಲ, ಅದರಲ್ಲಿ ನಮಗೊಂದು ಅರ್ಥ ಕಾಣುತ್ತದೆ. ಮಕ್ಕಳು ಓದಿದರೆ ಜಗಲಿ ಕಾಯುವ ಪಾಡು ತಪ್ಪುತ್ತೆ.

ಹತ್ತು ವರ್ಷ ಕಳೆಯಿತು. 1962ರಲ್ಲಿ ಅದೇ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದವರು ಹರದನಹಳ್ಳಿಯ ರೈತರ ಮಗ ಎಚ್.ಡಿ. ದೇವೇಗೌಡರು. ವಕೀಲರಲ್ಲ. ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದವರು. ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘದ ಅಧ್ಯಕ್ಷರಾಗಿದ್ದವರು. ಸಹಕಾರ ಸಂಘದಲ್ಲಿ ಪಳಗಿದ ಈ ಕೈ 1996ರ ಜೂನ್ 1ರಂದು ದೇಶದ ಚುಕ್ಕಾಣಿಯನ್ನೇ ಹಿಡಿಯಿತು. ಪಕ್ಷದ ಮಾತು ಇಲ್ಲಿ ಬೇಡ. ಮುಂದಾಳು ಹುಟ್ಟುವ ಜಾಗ ವಕೀಲರ ಜಗಲಿಯಿಂದ ಸಂಘದ ಕಟ್ಟೆಗೂ ಬಂತು ಅನ್ನೋದಷ್ಟೇ ನಮ್ಮ ಮಾತು.

ಆದರೆ ಕಟ್ಟೆಗೆ ಬಂದ ನಾವು ಕಾಗದ ಓದೋದು ಕಲಿತೆವೇ? ಹೇಳಲು ಸಂಕೋಚವಾಗುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಸದಸ್ಯರೊಬ್ಬರು "ನೀವೇ ಇದೀರಲ್ಲ" ಅಂತ ನಮ್ಮನ್ನು ನಂಬಿ, ಓದದೆ ಇನ್ನೊಬ್ಬರ ಸಾಲಕ್ಕೆ ಜಾಮೀನು ಸಹಿ ಹಾಕಿದರು. ಸಾಲ ತೆಗೆದವನು ಊರು ಬಿಟ್ಟ. ಇವರು ಆಲೂಗೆಡ್ಡೆ ಮಾರಿದ ದುಡ್ಡೆಲ್ಲ ಆ ಕಂತಿಗೆ ಹೋಯಿತು. ಕಾಗದದಲ್ಲಿ ಏನಿದೆಯೆಂದು ಓದಿ ಹೇಳಬೇಕಾದದ್ದು ಆಡಳಿತ ಮಂಡಳಿಯಲ್ಲಿದ್ದ ನಾವು. ಹೇಳಲಿಲ್ಲ. ತಪ್ಪು ನಮ್ಮದು. ಅವರು ಇವತ್ತೂ ಈ ಸಭೆಯಲ್ಲಿ ಕೂತಿದ್ದಾರೆ. ಅದು ಅವರ ದೊಡ್ಡತನ.

ಅದಕ್ಕೇ ಬೆಳ್ಳಿಹಬ್ಬದ ದಿನ ಹಾರ ತುರಾಯಿಗಿಂತ ಒಂದು ಮಾತು ಕೊಡಲು ಬಯಸುತ್ತೇವೆ. ಇನ್ನು ಮುಂದೆ ಈ ಸಂಘದಲ್ಲಿ ಯಾವ ಕಾಗದಕ್ಕೂ ಓದಿ ಹೇಳದೆ ಸಹಿ ತಗೊಳ್ಳೋದಿಲ್ಲ. ನೀವೂ ಒಂದು ಉಪಕಾರ ಮಾಡಿ. ವಾರ್ಷಿಕ ಮಹಾಸಭೆಗೆ ಬನ್ನಿ, ಜಮಾಖರ್ಚು ಕೇಳಿ, ಅರ್ಥವಾಗದಿದ್ದರೆ ಎದ್ದು ನಿಂತು ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳುವ ಸದಸ್ಯನೇ ಸಂಘಕ್ಕೆ ನಿಜವಾದ ವಕೀಲ.

 ಜೈ ಸಹಕಾರ.