ಅಗುಳಿಯ ಈಚೆ



ತಾವೇ ಬರೆದು, ತಾವೇ ಚಿತ್ರೀಕರಿಸಿ, ತಾವೇ ಸಂಕಲಿಸಿದ ಭಯಚಿತ್ರಗಳನ್ನು ವಿದ್ಯಾರ್ಥಿಗಳು ಊರವರ ಮುಂದಿಡುತ್ತಿರುವ ಈ ಉತ್ಸವವನ್ನು ಉದ್ಘಾಟಿಸುವ ಗೌರವವನ್ನು, ಆಯುಷ್ಯದ ಬಹುಭಾಗವನ್ನು ಸಂಕಲನದ ಮೇಜಿನ ಮುಂದೆ ಕಳೆದ ನನಗೆ ಇತ್ತಿದ್ದೀರಿ, ನಾನು ಕೃತಜ್ಞನಾಗಿದ್ದೇನೆ. ದೆವ್ವದ ಚಿತ್ರವೆಂದರೆ ಹಗುರವಾಗಿ ನುಡಿಯುವ ಹಿರಿಯರು ಇಂದಿಗೂ ಉಂಟು. ನಾಟ್ಯಶಾಸ್ತ್ರದ ಎಂಟು ರಸಗಳಲ್ಲಿ ಭಯಾನಕವೂ ಒಂದೆಂಬುದನ್ನೂ, ಅದರ ವಿಭಾವಗಳನ್ನು ಎಣಿಸುವಾಗ ಭರತಮುನಿಯು ವಿಕೃತವಾದ ಧ್ವನಿಯನ್ನೇ ಮೊದಲಿಗಿಟ್ಟು, ಶೂನ್ಯಗೃಹವನ್ನೂ ಅರಣ್ಯವನ್ನೂ ಮರೆಯದೆ ಹೇಳಿರುವನೆಂಬುದನ್ನೂ ಅಂಥವರಿಗೆ ನಾನು ನೆನಪಿಸಬಯಸುತ್ತೇನೆ.

ಧ್ವನಿಗೆ ಸಂದ ಆ ಅಗ್ರಸ್ಥಾನ ಎಷ್ಟು ಸಾರ್ಥಕವೆಂಬುದನ್ನು ನಮ್ಮ ನಾಡಿನ ಜನ ಯಾವ ಶಾಸ್ತ್ರವನ್ನೂ ಓದದೆಯೇ ಬಲ್ಲರು. 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಲ ಊರುಗಳಲ್ಲಿಯೂ ರಾತ್ರಿ ಬಂದು ಕರೆಯುವ ದೆವ್ವವು ಓದಿ ಹಿಂದಿರುಗಲೆಂದು ಮನೆಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದನ್ನು ಇಲ್ಲಿಯ ಹಿರಿಯರು ಕಂಡಿರಬಹುದು. ಆ ಕಥೆಯಲ್ಲಿ ದೆವ್ವಕ್ಕೆ ಮುಖವೇ ಇರಲಿಲ್ಲ. ಇದ್ದುದು ನಡುರಾತ್ರಿಯಲ್ಲಿ ಹೊರಗಿನಿಂದ ಕರೆಯುವ, ನಮ್ಮವರದೇ ಆದ ಒಂದು ದನಿ, ಮತ್ತು ಮುಚ್ಚಿದ ಒಂದು ಬಾಗಿಲು.

ವಿದ್ಯಾರ್ಥಿದೆಸೆಯಲ್ಲಿ ನಾವು ನಾಲ್ವರು ಗೆಳೆಯರು ಇದೇ ಬಾಗಿಲನ್ನು ನೆಚ್ಚಿ ಒಂದು ಕಿರುಚಿತ್ರಕ್ಕೆ ಕೈಯಿಕ್ಕಿದೆವು. ನೂರು ಅಡಿಯ 16 ಎಂ.ಎಂ. ಸುರುಳಿಯು ಮೂರು ನಿಮಿಷವೂ ಓಡದೆ ಮುಗಿದುಹೋಗುತ್ತಿದ್ದ ಕಾಲವದು. ನಮ್ಮ ಕಥೆಯಲ್ಲಿ ಒಂಟಿಯಾಗಿರುವ ತಂಗಿಯನ್ನು ಅಣ್ಣನ ದನಿಯೊಂದು ಹೊರಗಿನಿಂದ ಕರೆಯುತ್ತದೆ. ಕ್ಯಾಮೆರಾವನ್ನು ಬಾಗಿಲಿನ ಯಾವ ಕಡೆ ಇಡಬೇಕು? ಹೊರಗಿಟ್ಟರೆ ಕರೆಯುವುದು ಏನೆಂದು ನಮಗೆ ಗೊತ್ತಿದೆಯೆಂದಂತಾಯಿತು. ಒಳಗಿಟ್ಟರೆ ಆ ಹುಡುಗಿಗೆ ತಿಳಿದಷ್ಟೇ ನಮಗೂ ತಿಳಿದೀತು. ನಾವು ತೀರ್ಮಾನಿಸಲಾರದೆ ಎರಡು ಕಡೆಯಿಂದಲೂ ಚಿತ್ರಿಸಿ, ಇದ್ದ ಸುರುಳಿಯಲ್ಲಿ ಅರ್ಧವನ್ನು ಕಳೆದೆವು. ಕೊನೆಯಲ್ಲಿ ಬಾಗಿಲು ತೆರೆದಾಗ ಕಾಣಬೇಕಾದ ಮುಖಕ್ಕಾಗಿ ಗೆಳೆಯನೊಬ್ಬನು ಮೂರು ಗಂಟೆಗಳ ಕಾಲ ಅಕ್ಕಿಹಿಟ್ಟು, ಕಾಡಿಗೆಗಳನ್ನು ಬಳಿದುಕೊಂಡು, ಮಿಸುಕದೆ ಕುಳಿತಿದ್ದನು.

ಸಂಕಲನದ ರಾತ್ರಿ ಕೋಣೆಗೆ ಬೀಗ ಹಾಕಲೆಂದು ಬಂದ ವೃದ್ಧ ಜವಾನರು ಬಾಗಿಲ ಬಳಿಯೇ ನಿಂತು ನೋಡುತ್ತಿದ್ದರು. ಮುಖ ಕಂಡೊಡನೆ ಅವರ ಬಿಗಿದ ಭುಜಗಳು ಸಡಿಲಿದವು, ‘ಓ, ಇದಾ?’ ಎಂದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ಮುಖವನ್ನು ಕತ್ತರಿಸಿ ತೆಗೆದು, ಅದರ ಹಿಂದಿನ ಶಾಟನ್ನು, ಎಂದರೆ ಒಳಗಿನಿಂದ ಕಾಣುವ ಅಗುಳಿಯೊಂದು ನಿಂತಲ್ಲೇ ಸಣ್ಣಗೆ ಅದುರುವುದನ್ನು, ಎರಡು ಸೆಕೆಂಡಿಗೆ ಬದಲಾಗಿ ಏಳು ಸೆಕೆಂಡು ಉಳಿಸಿ, ಅಲ್ಲಿಗೇ ಚಿತ್ರವನ್ನು ಮುಗಿಸಿ ತೋರಿಸಿದೆವು. ಜವಾನರು ಏನೂ ಹೇಳಲಿಲ್ಲ. ತಮ್ಮ ಬೆನ್ನ ಹಿಂದಿದ್ದ ಬಾಗಿಲ ಕಡೆಗೆ ಒಮ್ಮೆ ತಿರುಗಿ ನೋಡಿದರು. ಬಣ್ಣ ಬಳಿದುಕೊಂಡಿದ್ದ ಗೆಳೆಯನ ಶ್ರಮವನ್ನು ನೆಲಕ್ಕೆ ಚೆಲ್ಲಿದ ಸಂಕಟ ನನಗೆ ಇಂದಿಗೂ ಉಂಟು. ಆದರೂ ಇನ್ನೊಮ್ಮೆ ಅದೇ ಮೇಜಿನ ಮುಂದೆ ಕುಳಿತರೆ ಅದನ್ನೇ ಮಾಡುವೆನು.

ಬೆಚ್ಚಿಬೀಳುವುದು ಬೇರೆ, ಹೆದರುವುದು ಬೇರೆ. 1942ರಲ್ಲಿ ಬಂದ ‘ಕ್ಯಾಟ್ ಪೀಪಲ್’ ಎಂಬ ಅಮೆರಿಕದ ಚಿತ್ರದಲ್ಲಿ ರಾತ್ರಿಯ ಬೀದಿಯೊಳಗೆ ಒಬ್ಬಳು ನಡೆಯುತ್ತಾಳೆ. ಹಿಂದೆ ಬರುತ್ತಿದ್ದ ಹೆಜ್ಜೆಯ ಸದ್ದು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಅವಳು ತಡವರಿಸುತ್ತಿರುವಾಗ ಮೃಗವೊಂದು ಬುಸುಗುಟ್ಟಿದಂತೆ ಬಸ್ಸೊಂದು ಬಂದು ನಿಲ್ಲುತ್ತದೆ. ಆ ಬಸ್ಸಿನ ಸದ್ದನ್ನು ಅನುಕರಿಸಿದವರು ಅಸಂಖ್ಯರು. ಆದರೆ ಬಸ್ಸಿಗೆ ಮುಂಚೆ ನಿಂತುಹೋದ ಆ ಹೆಜ್ಜೆಯ ಮೌನವನ್ನು ಕಲಿತವರು ವಿರಳ. ಆದುದರಿಂದ ಚಿತ್ರೀಕರಣ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ, ಬರಿಯ ಕೋಣೆಯ ನಿಶ್ಶಬ್ದವನ್ನು ಒಂದು ನಿಮಿಷ ಧ್ವನಿಮುದ್ರಿಸಿಕೊಳ್ಳಿರೆಂದು ನಿಮ್ಮನ್ನು ಬೇಡುತ್ತೇನೆ. ಪ್ರತಿಯೊಂದು ಕೋಣೆಯ ಮೌನಕ್ಕೂ ತನ್ನದೇ ಆದ ಸ್ವರವಿದೆ. ಸಂಕಲನದ ವೇಳೆಯಲ್ಲಿ ಅದು ಎಲ್ಲಿಂದಲೂ ಎರವಲು ಸಿಗದು.

ಇಂದು ನಿಮಗೆ ಸುರುಳಿಯ ಬಡತನವಿಲ್ಲ. ಆಯ್ಕೆಯ ಕಷ್ಟ ಮಾತ್ರ ಹೆಚ್ಚಿದೆ. 1999ರ ‘ಬ್ಲೇರ್ ವಿಚ್ ಪ್ರಾಜೆಕ್ಟ್’ ಚಿತ್ರಕ್ಕೆ ಎಂಟು ದಿನಗಳಲ್ಲಿ ಸುಮಾರು ಇಪ್ಪತ್ತು ಗಂಟೆಗಳಷ್ಟು ದೃಶ್ಯ ಸಂಗ್ರಹವಾಗಿದ್ದಿತು. ತಿಂಗಳುಗಟ್ಟಲೆ ಕುಳಿತು ಅದನ್ನು ಒಂದೂವರೆ ಗಂಟೆಗೂ ಕಡಿಮೆಗೆ ಇಳಿಸಿದರು. ಮಾಟಗಾತಿ ಅದರಲ್ಲಿ ಒಮ್ಮೆಯೂ ಕಾಣಿಸಿಕೊಳ್ಳಳು. ಕೊನೆಯಲ್ಲಿ ಕಾಣುವುದು ಮೂಲೆಗೆ ಮುಖಮಾಡಿ ನಿಂತ ಒಬ್ಬ ಮನುಷ್ಯನ ಬೆನ್ನು ಮಾತ್ರ.

ಮಿತ್ರರೆ, ನಿಮ್ಮಲ್ಲಿ ಕೆಲವರು ನಿನ್ನೆಯ ರಾತ್ರಿಯವರೆಗೂ ಕತ್ತರಿ ಕೆಳಗಿಟ್ಟಿಲ್ಲವೆಂದು ಕೇಳಿದೆನು. ಕಣ್ಣುಗಳೇ ಅದನ್ನು ಹೇಳುತ್ತಿವೆ. ನನ್ನದೊಂದು ಕೋರಿಕೆಯುಂಟು. ನಿಮ್ಮ ನಿಮ್ಮ ಚಿತ್ರ ಓಡುವಾಗ ತೆರೆಯನ್ನು ನೋಡಬೇಡಿ. ಪಕ್ಕದ ಗೋಡೆಗೆ ಒರಗಿ ನಿಂತು, ಕುಳಿತವರ ಭುಜಗಳನ್ನು ನೋಡಿ. ಅವು ಎಲ್ಲಿ ಬಿಗಿದವು, ಎಲ್ಲಿ ಸಡಿಲಿದವು ಎಂಬುದನ್ನು ಬರೆದಿಟ್ಟುಕೊಂಡು ನಾಳೆ ಬೆಳಿಗ್ಗೆ ನನ್ನ ಬಳಿಗೆ ಬನ್ನಿ. ಒಟ್ಟಿಗೆ ಕುಳಿತು ನೋಡೋಣ. ಉತ್ಸವವನ್ನು ಉದ್ಘಾಟಿಸಿದ್ದೇನೆ. ಮೊದಲನೆಯ ಚಿತ್ರ ಆರಂಭವಾಗಲಿ.